ನಲವತ್ತೈದು ಕಾಲುಚೀಲ

ಸಾಹಿಲ್ ಕ್ಲಬ್ಬಿನ ಬಟ್ಟೆ ಬಂದದ್ದು ರಾತ್ರಿ ಒಂಬತ್ತಕ್ಕೆ,
ಟೆಂಪೋದಲ್ಲಿ, ಆರು ನೀಲಿ ಪೆಟ್ಟಿಗೆ.
ಹೋಟೆಲಿನ ಯಂತ್ರ ಕೆಟ್ಟಿತ್ತಂತೆ. ಇಲ್ಲವಾದರೆ
ಮಡಗಾಂವಿನ ಮಾರ್ಕೆಟ್ಟಿನ ಹಿಂದೆ, ಮೀನಿನ ಲಾರಿ ನಿಲ್ಲುವ ಓಣಿಯಲ್ಲಿ,
ಕೈತಾನನ ಲಾಂಡ್ರಿಗೆ ಅರಬರ ಅಂಗಿ ಯಾಕೆ ಬಂದೀತು?

ದಾಳಿಂಬೆ ಬಣ್ಣ. ಕಾಳಿನದಲ್ಲ, ಸಿಪ್ಪೆಯದು.
ಎದೆಯ ಮೇಲೆ ಬೆರಳುದ್ದದ ಹಾಯಿದೋಣಿ,
ಅದರ ಕೆಳಗೆ ಬಳುಕುವ ಬಂಗಾರದ ಅಕ್ಷರ.
ಒಳಮೈ ಹೊರಳಿಸಿ ಇಸ್ತ್ರಿ ಮಾಡಬೇಕು,
ನೇರ ತಾಗಿದರೆ ಕರಗುತ್ತದೆ.
ದೇವರ ಹೆಸರಿದ್ದೀತೆಂದು ಚಪ್ಪಲಿ ಬಿಟ್ಟು ನಿಂತೆ.
ಬಾಯಲ್ಲಿ ನೀರು ತುಂಬಿ ಊದುವ ರೂಢಿ ಬಿಟ್ಟು
ಕೈಯಿಂದ ಚಿಮುಕಿಸಿದೆ.
"ಏನ್ ಬರದಾರ ಇದ್ರಾಗ?" ಎಂದು ಕೇಳಿದರೆ
ಪೆಟ್ಟಿಗೆಗಳ ಜೊತೆ ಬಂದ ಇದ್ರೀಸ್ ಬಗ್ಗಿ ನೋಡಿ
ಮುರುಕು ಹಿಂದಿಯಲ್ಲಿ ಹೇಳಿದ:
ಏಸಿ. ಏಸಿ ಮಾರುವ ಕಂಪನಿ.
ಕೈತಾನ್ ಕೆಮ್ಮು ಬರುವವರೆಗೆ ನಕ್ಕ.
ನಾನು ಚಪ್ಪಲಿ ಹಾಕಿಕೊಳ್ಳಲಿಲ್ಲ,
ಬಿಟ್ಟದ್ದು ಬಿಟ್ಟಾಗಿತ್ತು.

ಇದ್ರೀಸ್ ಅಲ್ಲಿಯವನಲ್ಲ, ಸುಡಾನಿನವನು.
ಇಪ್ಪತ್ತೆರಡು ವರ್ಷದಿಂದ ಆ ಕ್ಲಬ್ಬಿನ ಬಟ್ಟೆ ಎಣಿಸುತ್ತಾನೆ,
ಒಂದು ಆಟವನ್ನೂ ಪೂರ್ತಿ ನೋಡಿಲ್ಲವಂತೆ.
ಯಾರ ಮೊಣಕಾಲು ನೋಯುತ್ತದೆ, ಪಟ್ಟಿಯ ಅಂಟು ಹೇಳುತ್ತದೆ;
ಯಾರಿಗೆ ಹೆದರಿಕೆ, ಕಾಲರು ಹೇಳುತ್ತದೆ.
ಹದಿನೇಳನೇ ನಂಬರಿನ ಕಾಲರು ತೋರಿಸಿದ,
ಇಲಿ ಕಡಿದ ಹಾಗಿತ್ತು.
ಹತ್ತೊಂಬತ್ತರ ಹುಡುಗ,
ಕೋಟಿಗಟ್ಟಲೆ ಸುರಿದು ತಂದಿದ್ದಾರೆ ಎಂದ.
ನಾನು ಆ ಕಾಲರನ್ನು ಎರಡು ಸಲ ಒತ್ತಿದೆ.

ಬೆಳಗಿನ ನಾಲ್ಕಕ್ಕೆ ಎಣಿಕೆ.
ಕಾಲುಚೀಲ ನಲವತ್ತಾರು ಇರಬೇಕಿತ್ತು.
ನಲವತ್ತೈದು, ಎಂದೆ.
ಪಂಚೇಚಾಳೀಸ್, ಎಂದ ಕೈತಾನ್.
ಖಮ್ಸಾ ವ ಅರ್ಬಯೀನ್, ಎಂದ ಇದ್ರೀಸ್.
ಅವರಿಬ್ಬರಲ್ಲಿ ಐದು ಮೊದಲು, ನಲವತ್ತು ಆಮೇಲೆ;
ನನ್ನಲ್ಲಿ ನಲವತ್ತರ ಬೆನ್ನಿಗೆ ಐದು.
ಮುಂದಿನಿಂದ ಹೋದರೂ ಹಿಂದಿನಿಂದ ಬಂದರೂ
ಒಂದು ಕಾಲು ಕಡಿಮೆ.

ಸೋಪಿನ ಚೀಲ ಕೊಡವಿದೆವು, ಬಕೆಟ್ಟು ಬೋರಲು ಹಾಕಿದೆವು,
ಬೆಕ್ಕು ಮರಿ ಹಾಕಿದ್ದ ರಟ್ಟಿನ ಡಬ್ಬಿಗೂ ಕೈ ಹಾಕಿ
ಇದ್ರೀಸ್ ಪರಚಿಸಿಕೊಂಡ.
ಅವರು ಸೋತರೆ ಪೇಪರಿನಲ್ಲಿ ಬರುತ್ತದೆ ಅಕ್ಕಾ,
ಕಾಲುಚೀಲ ಹೋದರೆ ನನ್ನ ಸಂಬಳದಲ್ಲಿ ಬರುತ್ತದೆ.
ಹೇಳುತ್ತ ಬೆರಳಿನ ರಕ್ತ ಚೀಪಿದ,
ಎರಡು ಟಿಕೆಟ್ಟು ಇಸ್ತ್ರಿ ಮೇಜಿನ ಮೇಲಿಟ್ಟು ಹೊರಟ.

ಸಂಜೆ ಫಾತೋರ್ಡಾದ ಕಡೆ ಆಕಾಶ ಬೆಳ್ಳಗಾಯಿತು.
ಕೈತಾನ್ ಹೋದ, ಪೀಪಿ ಊದುತ್ತ.
ನಾನು ಹೋಗಿ ಯಾರಿಗೆ ಕೂಗಲಿ?
ಸಿಂದಗಿಯಿಂದ ಬಂದು ಹದಿನಾರು ವರ್ಷ,
ನಳದ ಸಾಲಿನಲ್ಲಿ ಕೊಡ ಮುಂದಿಟ್ಟರೆ ಇವತ್ತಿಗೂ ಘಾಂಟಿ.
ಹಾಸಿಗೆ ಚಾದರ ಮಡಚುತ್ತ ಕಿವಿ ಕೊಟ್ಟೆ:
ಗದ್ದಲ ಎದ್ದರೆ ಗೋಲು ಇಲ್ಲಿಯವರದು,
ಸದ್ದಡಗಿದರೆ ಅಲ್ಲಿಯವರದು.
ಒಂದು ಸಲ ತಗಡು ಅದುರಿತು.
ಎರಡು ಸಲ ಊರೇ ಸುಮ್ಮನಾಯಿತು.
ಅದರಲ್ಲೊಂದು ಮೌನ ಹದಿನೇಳನೆಯವನದು ಎಂದು
ನಾನೇ ಬರೆದುಕೊಟ್ಟೆ.

ಶನಿವಾರ ಸಿಕ್ಕಿತು.
ಯಂತ್ರದ ಬಾಯಿಯ ರಬ್ಬರಿನ ಮಡಿಕೆಯೊಳಗೆ,
ದಿಂಬಿನ ಚೀಲ ಎಳೆಯುವಾಗ, ಕಪ್ಪೆಯಂತೆ ತಣ್ಣಗೆ.
ಅಷ್ಟರಲ್ಲಿ ವಿಮಾನ ಸಮುದ್ರ ದಾಟಿ ಎರಡು ದಿನ.
ವಿಳಾಸ ಗೊತ್ತಿರಲಿಲ್ಲ, ಗೊತ್ತಿದ್ದರೂ
ಒಂದು ಕಾಲುಚೀಲಕ್ಕೆ ಯಾವ ಅಂಚೆಯವ ಚೀಟಿ ಹರಿಯುತ್ತಾನೆ.
ಒಗೆದು ಹಗ್ಗಕ್ಕೆ ಹಾಕಿದೆ, ಹಿಮ್ಮಡಿ ಮೇಲೆ ಮಾಡಿ.
ಮೀನಿನ ಬುಟ್ಟಿ ಇಳಿಸಿ ಪಿಯೆದಾದ್ ಕೇಳಿದಳು, ಯಾರದಿದು?
ಸಂಬಳ, ಎಂದೆ.
ಅವಳು ಇನ್ನೊಂದು ಎಲ್ಲಿ ಎಂದಳು.