ಸ್ಲೋ ನಿಲ್ಲಿಸುವುದು

ಗಿರಣಿ ನಿಲ್ಲುವ ತನಕ ಸ್ಕ್ರೂ ಮುಟ್ಟುವುದಿಲ್ಲ
ಎಂದುಬಿಟ್ಟ ಸಿಗಾಮಣಿ.
ಜೆ.ಸಿ. ರಸ್ತೆಯ ಬೆನ್ನಿಗೊಂದು ಸಂದಿ,
ಆಚೆ ಗೋಡೆಗೆ ರಾಗಿ ಗಿರಣಿ,
ಈಚೆ ಗೋಡೆಗೆ ಸೈಲೆನ್ಸರ್ ಬಡಿಯುವವರು,
ನಡುವೆ ಬಾನೆಟ್ ಎತ್ತಿಕೊಂಡು
ಅರವತ್ತೆಂಟನೇ ಇಸವಿಯ ನನ್ನ ಫಿಯಟ್ಟು.

ಅವನಿಗೆ ಎಡಗಿವಿ ಕೇಳಿಸುವುದಿಲ್ಲ.
ಬಲಗಿವಿಗೆ ಒಂದು ಮೊಳ ರಬ್ಬರ್ ಪೈಪು ಹಿಡಿದು
ಇನ್ನೊಂದು ತುದಿಯನ್ನು ಕಾರ್ಬ್ಯುರೇಟರಿನ ಸುತ್ತ ಆಡಿಸುತ್ತಾನೆ,
ಗೋಡೆಯಾಚೆಯ ಜಗಳ ಕೇಳುವವನ ಹಾಗೆ.

ಮೊನ್ನೆ ಮದರಾಸಿನಲ್ಲಿ ಕೊಂಡು ನಾನೇ ಓಡಿಸಿಕೊಂಡು ಬಂದೆ.
ಕೃಷ್ಣಗಿರಿಯವರೆಗೆ ಏನೂ ಇಲ್ಲ.
ಹೊಸೂರಿನ ಏರಿನಲ್ಲಿ ಕೆಮ್ಮು, ಕಪ್ಪು ಹೊಗೆ,
ಅತ್ತಿಬೆಲೆ ಟೋಲಿನಲ್ಲಿ ಮೂರು ಸಲ ಆಫ್.
ಹಿಂದಿನ ಲಾರಿಯವನು
ನನ್ನ ವಯಸ್ಸನ್ನೂ ಗಾಡಿಯ ವಯಸ್ಸನ್ನೂ
ಒಂದೇ ಬೈಗುಳದಲ್ಲಿ ಕೂಡಿಸಿದ.

ಪ್ಲಗ್ಗು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದ.
ನಾಲ್ಕಕ್ಕೂ ಕಾಡಿಗೆ.
‘ಅಲ್ಲಿ ಸಮುದ್ರದ ಗಾಳಿ ಮೇಡಂ, ಗಟ್ಟಿ ಮೊಸರು.
ಈ ಊರು ಮೂರು ಸಾವಿರ ಅಡಿ ಮೇಲೆ, ಇಲ್ಲಿಂದು ನೀರುಮಜ್ಜಿಗೆ.
ಅಲ್ಲಿನ ಅಳತೇಲಿ ಪೆಟ್ರೋಲು ಕುಡಿಸಿದರೆ
ಕಕ್ಕದೆ ಇನ್ನೇನು ಮಾಡತ್ತೆ?’
ಅರವತ್ತು ವರ್ಷ ಈ ಊರಲ್ಲೇ ಉಸಿರಾಡಿದ್ದೇನೆ,
ಯಾರೂ ಇದನ್ನು ಹೇಳಿರಲಿಲ್ಲ.

ಹುಡುಗ ಇರ್ಷಾದ್ ಚಹಾದ ಜೊತೆ ತಂದ ಮಾರಿ ಬಿಸ್ಕತ್ತನ್ನು
ಪ್ಲಗ್ಗಿನ ಪಕ್ಕ ಹಿಡಿದ: ‘ಈ ಬಣ್ಣ ಬರಬೇಕು.’
ಆಮೇಲೆ ಅದನ್ನು ತಿಂದ.

ಪ್ಲಗ್ಗು ಒರೆಸಿ ಹಾಕಿ, ಸ್ಟಾರ್ಟು ಮಾಡಿ, ಕಾಯುತ್ತೇವೆ.
ನೀರು ಬಿಸಿಯಾಗಲಿ ಮೊದಲು;
ತಣ್ಣಗಿರುವ ಇಂಜಿನ್ನು ಸುಳ್ಳು ಹೇಳುತ್ತದಂತೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಛಂದಸ್ಸು ಕಲಿಸಿದವಳು,
ಪ್ರಸ್ತಾರ ಹಾಕದೆಯೂ ಕುಂಟುವ ಸಾಲನ್ನು ಹಿಡಿಯಬಲ್ಲೆ.
ನಾಲ್ಕು ಮಾತ್ರೆಯ ಗಣ ಇದು,
ಮೂರನೆಯದು ನುಂಗಿಹೋಗುತ್ತಿದೆ, ಎಂದೆ.
ಅವನು ವೈರುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿ
‘ನಾಲ್ಕನೇದು’ ಎಂದ.
ತಲೆಯ ಮೇಲೊಂದು ಕೆಂಪು ಶಾಯಿಯ ಗೀಟು ಬಿದ್ದಂತಾಯಿತು.

ಎರಡೂಕಾಲಿಗೆ ಕರೆಂಟು ಹೋಯಿತು.

ಗಿರಣಿಯ ಪಟ್ಟಿ ಇನ್ನೂ ನಾಲ್ಕು ಸುತ್ತು ಎಳೆದುಕೊಂಡು ಹೋಗಿ
ನಿಂತಿತು. ಗ್ರೈಂಡರು ನಿಂತಿತು. ಯಾರದೋ ರೇಡಿಯೊ
ಸೋಪಿನ ಜಾಹೀರಾತಿನ ಮಧ್ಯದಲ್ಲಿ ನಿಂತಿತು.
ಬಡಿಯುವವರೂ ಸುತ್ತಿಗೆ ಕೆಳಗಿಟ್ಟರು, ಏಕೋ.
‘ಮೂಲೆ ಹೋಟೆಲಿನ ಜನರೇಟರು ಏಳೋದಕ್ಕೆ
ಒಂದೂವರೆ ನಿಮಿಷ’ ಎಂದ ಇರ್ಷಾದ್, ಎಣಿಸತೊಡಗಿದ.

ಏರ್ ಸ್ಕ್ರೂ ಒಳಗೆ, ಕಾಲು ಸುತ್ತು.
ತಡವರಿಸಿತು, ಇನ್ನೇನು ಹೋಯಿತು.
ಹೊರಗೆ. ಉಬ್ಬಸದವರ ನಿದ್ದೆಯಂತೆ ಗೊರಗೊರ.
ಒಳಗೆ, ಇಷ್ಟೇ, ಉಗುರಿನ ಅಂಚಿನಷ್ಟು.
ಈಗ ವೇಗದ ಸ್ಕ್ರೂ ಇಳಿಸು, ಇಳಿಸು,
ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ಮುನಿಸು,
ಮತ್ತೆ ಮೊದಲನೆಯದರ ಕಾಲು ಹಿಡಿ.
ಪೈಪನ್ನು ಕಿವಿಯಿಂದ ತೆಗೆದ.
ಕಣ್ಣು ಮುಚ್ಚಿಕೊಂಡಿದ್ದ, ಸ್ಕ್ರೂಡ್ರೈವರಿನ ಹಿಡಿ
ದವಡೆಗೆ ಒತ್ತಿತ್ತು.
ಎಂಬತ್ತೊಂದು, ಎಂಬತ್ತೆರಡು.

ಲಘು ಲಘು ಲಘು ಲಘು
ಲಘು ಲಘು ಲಘು ಲಘು

ಮಡ್‌ಗಾರ್ಡಿನ ಮೇಲಿನ ಚಹಾದ ಕೆನೆ
ನಡುಗುವುದನ್ನು ಬಿಟ್ಟಿತ್ತು.
ಅಷ್ಟರಲ್ಲಿ ಜನರೇಟರು ಎದ್ದಿತು; ಅವನು ಆಗಲೇ
ಬನಿಯನ್ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.
ಎಷ್ಟು ಎಂದೆ. ನಾನ್ನೂರು.
ಬರೇ ಒಂದೂವರೆ ನಿಮಿಷಕ್ಕಾ ಎಂದು ಕೇಳಲಿಲ್ಲ,
ನಾನೂ ಮೇಷ್ಟ್ರಗಿರಿ ಮಾಡಿದವಳೇ.
‘ಓಡೋದು ಎಲ್ಲ ಗಾಡೀನೂ ಓಡತ್ತೆ ಮೇಡಂ,
ಈ ಊರಲ್ಲಿ ನಿಂತ್ಕೊಳ್ಳೋದಕ್ಕೆ ಬರಬೇಕು.’

ಮಿನರ್ವ ಸರ್ಕಲ್ಲಿನಲ್ಲಿ ಹನ್ನೊಂದು ನಿಮಿಷ.
ಹಸಿರು ಬಂತು, ಹೋಯಿತು, ಯಾರೂ ಅಲುಗಲಿಲ್ಲ.
ಪಕ್ಕದ ಆಟೋದವನು ತಲೆ ಹೊರಹಾಕಿ
‘ಆಫ್ ಮಾಡ್ಕೊಳಿ ಮೇಡಂ, ಪೆಟ್ರೋಲ್ ದಂಡ’ ಎಂದ.
ಕೇಳಿಸಲಿಲ್ಲ ಎಂಬಂತೆ
ಎಡಗಿವಿಯನ್ನು ಅವನತ್ತ ತಿರುಗಿಸಿ
ಕೂತೆ.