ಸೂಜಿಯಲ್ಲಿ ದಾರ

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಕರೆಂಟು ಹೋದರೆ
ಹದಿನಾಲ್ಕು ಮಿಷನ್ನು ಒಮ್ಮೆಗೇ ಉಸಿರು ಬಿಡುತ್ತವೆ.
ಆಮೇಲೆ ಬಾಯಿಗಳದೇ ಕಾರುಬಾರು.

“ನಿನ್ನೆ ರಾತ್ರಿ ಟೀವ್ಯಾಗ ಸಿನಿಮಾ ನೋಡಿದ್ರೇನು?”
ಕೇಳಿದವನು ಎರ್ರಿಸ್ವಾಮಿ, ಬೆಲ್ಟು ಕೂಡಿಸುವವನು,
ಉತ್ತರಕ್ಕೆ ಕಾಯುವ ಮನುಷ್ಯನಲ್ಲ:
“ಇಂಟರ್ವಲ್ ತನಕ ಡಬಲ್ ಹೊಲಿಗೆ, ಭಾಳ ಗಟ್ಟಿ.
ಅಲ್ಲಿಂದಾಚೆ ಬರೀ ಕಚ್ಚಾ.
ಒಂದು ಎಳೆ ಜಗ್ಗಿದ್ರ ಪರ್ರಂತ ಬರ್ತತಿ ಕತಿ.”

ಓಬಳೇಶನ ಪ್ರಕಾರ ಅದನ್ನು ತೆಲುಗಿನಲ್ಲೇ ನೋಡಬೇಕು.
“ಕನ್ನಡಕ್ಕ ಬರೋದ್ರಾಗ ಆಕಿ ಅಳೂನೂ
ಇನ್ಯಾರೋ ಅತ್ತು ಕೊಟ್ಟಾರ.”
ನಾವು ನಕ್ಕೆವು, ಅವನು ನಗಲಿಲ್ಲ.
ಗುಂತಕಲ್ಲಿಗೆ ಹೋಗಿ ಎರಡು ಸಲ ನೋಡಿ ಬಂದವನು,
ಬಸ್ ಚಾರ್ಜು ಹಿಡಿದರೆ ನಮ್ಮೆಲ್ಲರಿಗಿಂತ ಹೆಚ್ಚು ಖರ್ಚು ಮಾಡಿದವನು,
ಹಾಗಾಗಿ ಅವನ ಮಾತಿಗೂ ತೂಕ ಹೆಚ್ಚು.

ಖಾಜಾಬಿ ಸಿನಿಮಾ ನೋಡುವುದಿಲ್ಲ.
ಹಗಲೆಲ್ಲ ಕೂತ ಸೊಂಟ ರಾತ್ರಿ ಮತ್ತೆ ಮೂರು ತಾಸು ಕೂರಲೊಲ್ಲದು.
ಏಳೂವರೆಯ ಧಾರಾವಾಹಿ ಸಾಕು, ಅದನ್ನೂ ಒಲೆಯ ಮುಂದಿಂದ,
ಬಾಗಿಲ ಸಂದಿಯಲ್ಲಿ ಕಂಡಷ್ಟು.
“ಆ ಅತ್ತಿ ನಿದ್ದ್ಯಾಗೂ ಬಂಗಾರ ಬಿಚ್ಚಂಗಿಲ್ಲ ನೋಡ್ರವ್ವಾ.
ಸೊಸಿಗೆ ಇಷ ಹಾಕಿದ ಹಾಲು ಹಿಡ್ಕಂಡು ನಿಂತು ಮೂರು ವಾರ ಆತು,
ಇನ್ನಾ ಕೆನಿ ಕಟ್ಟಿಲ್ಲ.”

ಗಂಟು ಒಯ್ಯಲು ಬಂದಿದ್ದ ವಾಷಿಂಗ್ ಯೂನಿಟ್ಟಿನ ಗಾದಿಲಿಂಗ,
ಮೊಣಕೈ ತನಕ ನೀಲಿ ಹುಡುಗ,
ಬಾಗಿಲಿಗೊರಗಿ ಎಲ್ಲದಕ್ಕೂ ಹೂಂ ಅಂದ.
“ಏನರ ಅನ್ರಿ, ಅಂಥಾ ಸಿನಿಮಾ ಮತ್ತ ಬರಂಗಿಲ್ಲ.”

ಸುಂಕಮ್ಮ ಎಳೆ ಕತ್ತರಿಸುವವಳು. ದಿನಕ್ಕೆ ಮುನ್ನೂರು ಪ್ಯಾಂಟು,
ಮೂರು ಮಾತು.
“ಆ ತಾಯಿ ಹೊಲೀತಾಳಲ್ಲ, ಕಂದೀಲು ಇಟ್ಕಂಡು,
ಮಗನ ಫೀಸು ಕಟ್ಟಾಕ,
ಆಕಿ ಸೂಜ್ಯಾಗ ದಾರಾನ ಇರಲಿಲ್ಲ.”

ಫ್ಯಾನಿಲ್ಲದ ಕೋಣೆ ಇನ್ನಷ್ಟು ಕಾದಂತಾಯಿತು.
ಏಕೆಂದರೆ ಅಲ್ಲಿ ನಾವೆಲ್ಲ ಅತ್ತಿದ್ದೆವು.
ನಾನು, ಜಿಪ್ಪು ಕೂಡಿಸುವವನು, ಹದಿನೆಂಟು ವರ್ಷ
ಸೂಜಿಯ ಕಣ್ಣು ನೋಡಿ ನನ್ನವೆರಡು ಸವೆಸಿಕೊಂಡವನು,
ನನಗೇ ಕಾಣಲಿಲ್ಲವಲ್ಲ!

“ಕ್ಯಾಮೆರಾದಾಗ ದಾರ ಕಾಣಂಗಿಲ್ಲ ಬಿಡು.”
“ಮೂಗಬಟ್ಟಿನ ಹಳ್ಳು ಕಾಣ್ತು, ದಾರ ಕಾಣಂಗಿಲ್ಲೇನು?”
“ದುಡ್ಡು ತಗಂಡು ಬರೀ ಪೆಡಲ್ ತುಳದಾಳ.”
“ನಾವೂ ದುಡ್ಡು ತಗಂಡೇ ತುಳಿಯಾದು.”
“ಹಂಗಾದ್ರ ನನ್ನ ಕಣ್ಣೀರು ವಾಪಸ್ ಕೊಡ್ಲಿ” ಎಂದ ಎರ್ರಿಸ್ವಾಮಿ.
ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಅತ್ತಿದ್ದನಂತೆ,
ಹೆಂಡತಿಗೆ ಇನ್ನೂ ಗೊತ್ತಿಲ್ಲ.

ಖಾಜಾಬಿಯೂ ಅದೊಂದು ಸೀನು ನೋಡಿದ್ದಳು, ಮಗಳು ಕೂಗಿದಳೆಂದು.
“ನಾ ದಾರ ನೋಡ್ಲಿಲ್ಲ. ಕಾಲು ನೋಡಿದೆ.
ಪೆಡಲ್ ಮ್ಯಾಲೆ ಹಿಮ್ಮಡಿ ಊರಂಗಿಲ್ಲ ಆಕಿ.
ನಮ್ಮಮ್ಮಾನೂ ಊರ್ತಿದ್ದಿಲ್ಲ, ಒಡೆದಿದ್ವು.”
ಅಷ್ಟು ಹೇಳಿ, ಬಾಟಲಿಯ ಮುಚ್ಚಳ
ಮುಚ್ಚಿದ್ದನ್ನೇ ಮತ್ತೆ ತಿರುವಿದಳು.
“ಕಾಲು ಖರೇ ಇರಬೌದು,” ಸುಂಕಮ್ಮ ಕತ್ತರಿ ಒರೆಸುತ್ತ,
“ದಾರ ಇರಲಿಲ್ಲ.”

ಗಾದಿಲಿಂಗ ಗಂಟು ಹೆಗಲಿಗೇರಿಸಿ ಕೇಳಿದ:
“ಅಲ್ಲಾ, ಯಾವ ಸಿನಿಮಾ ಅದು?”
ಅಷ್ಟರಲ್ಲಿ ಕರೆಂಟು ಬಂತು, ಹದಿನಾಲ್ಕು ಮಿಷನ್ನು
ಅವನಿಗೆ ಉತ್ತರ ಕೊಟ್ಟವು.

ರಾತ್ರಿ ಮಾಳಿಗೆಯ ಮೇಲೆ, ಹಾಸುಗಲ್ಲು ಇನ್ನೂ ಬಿಸಿ,
ಮೊಬೈಲಿನಲ್ಲಿ ಆ ಜಾಗ ಹುಡುಕಿ ನಿಲ್ಲಿಸಿದೆ,
ಎರಡು ಬೆರಳಲ್ಲಿ ಹಿಗ್ಗಿಸಿದೆ.
ಕಂದೀಲು, ಕೈ, ಸೂಜಿ,
ಸೂಜಿಯಿಂದ ಮೇಲಕ್ಕೆ ಬೆಳ್ಳನೆಯ ಒಂದು ಎಳೆ.
ಇತ್ತಲ್ಲ ಸುಂಕಮ್ಮಾ! ಎಂದುಕೊಂಡು ಫೋನು ವಾಲಿಸಿ ನೋಡಿದರೆ
ಯುಗಾದಿಯ ಹಿಂದಿನ ದಿನ ಬಿದ್ದು ಗಾಜು ಸೀಳಿದ್ದು
ಅಲ್ಲೇ, ಸರಿಯಾಗಿ ಅಲ್ಲೇ ಹಾದುಹೋಗಿದೆ.
ಚಿತ್ರವನ್ನು ಒಂದಿಷ್ಟು ಆಚೆ ಸರಿಸಿದ್ದರೆ ಗೊತ್ತಾಗುತ್ತಿತ್ತು,
ಒಂದು ಬೆರಳಿನ ಕೆಲಸ.
ಹಾಗೇ ಹಿಡಿದುಕೊಂಡಿದ್ದೆ,
ಬೆಳಕು ತಾನಾಗಿ ಆರುವ ತನಕ.