ಮೂರು ಗಂಟೆಯ ಸಹಿ

ಪಂದ್ಯ ಶುರುವಾಗುವುದು ಮೂರಕ್ಕೆ.
ಹತ್ತು ನಿಮಿಷ ಮೊದಲೇ ಬಂದು ಕೂರುತ್ತಾನೆ ಸಿಪ್ರಿಯಾನ್,
ವೂಚ್ ಪಟ್ಟಣದ ಮುಚ್ಚಿದ ಬಟ್ಟೆಗಿರಣಿಯ ಹಿಂದೆ
ಪೊಲೀಸ್ ಠಾಣೆಯ ಒಂಟಿ ಬೆಂಚಿನ ಮೇಲೆ
ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ.

ಬೋಗ್ನಾ ರಿಜಿಸ್ಟರು ತಿರುಗಿಸಿ ಅವನತ್ತ ತಳ್ಳುತ್ತಾಳೆ.
ದಾರ ಕಟ್ಟಿದ ಪೆನ್ನು.
(ಠಾಣೆಯಲ್ಲೂ ಪೆನ್ನು ಕದಿಯುವವರಿದ್ದಾರೆ.)
ಮೊದಲ ಸೀಟಿಗೊಂದು ಸಹಿ, ಕೊನೆಯ ಸೀಟಿಗೊಂದು,
ನಡುವೆ ಎಲ್ಲಿಗೂ ಏಳುವಂತಿಲ್ಲ.
ಎರಡು ವರ್ಷದ ಶಿಕ್ಷೆಯೆಂದರೆ ಇಷ್ಟೇ.
ನ್ಯಾಯಾಧೀಶೆ ಓದಿದಾಗ ಅವನು ನಕ್ಕಿದ್ದ:
ಬೆಂಚೇ? ಬದಲಿ ಆಟಗಾರನಿಗೆ ಕೊಡುವಂಥದ್ದೇ?
ನಾಲ್ಕನೆಯ ಶನಿವಾರದಿಂದ ನಗು ನಿಂತಿದೆ.

ಮೂರು ಬೀದಿ ದಾಟಿದರೆ ಮೈದಾನ.
ಕಾಣುವುದಿಲ್ಲ, ಕೇಳುತ್ತದೆ.
ಹದಿನೆಂಟು ಸಾವಿರ ಗಂಟಲು ಒಮ್ಮೆಲೇ ತೆರೆದರೆ
ಬೋಗ್ನಾಳ ಚಹಾ ಲೋಟದೊಳಗೆ ಚಮಚ ಸಣ್ಣಗೆ ನಡುಗುತ್ತದೆ.
ಗೋಲೋ, ಕೂದಲೆಳೆಯಲ್ಲಿ ತಪ್ಪಿದ್ದೋ
ಅವನಿಗೆ ದನಿಯಲ್ಲೇ ತಿಳಿಯುತ್ತದೆ,
ಹಾಲು ಉಕ್ಕುವುದು ಪಕ್ಕದ ಕೋಣೆಯಲ್ಲಿದ್ದವರಿಗೆ ತಿಳಿಯುವಂತೆ.
'ಕಂಬಕ್ಕೆ ಬಡಿಯಿತು' ಎನ್ನುತ್ತಾನೆ ತನ್ನಷ್ಟಕ್ಕೆ.
ಬೋಗ್ನಾ ತಲೆಯೆತ್ತುವುದಿಲ್ಲ.

ಕಡತದಲ್ಲಿರುವುದು:
ಅಕ್ಟೋಬರಿನ ಸಂಜೆ, ಟ್ರಾಮ್ ನಿಲ್ದಾಣ,
ಮೂಗಿನವರೆಗೆ ಮಫ್ಲರು ಸುತ್ತಿದ ಮೂವತ್ತೆಂಟು ಮಂದಿ,
ಎದುರು ಬಣ್ಣದವರು ಹನ್ನೊಂದು.
ಮೊದಲು ಎಸೆದವರು ಯಾರು? ಗೊತ್ತಿಲ್ಲ.
ಯಾಕೆ? ಗೊತ್ತಿಲ್ಲ.
ನೀನು ಎಸೆದೆಯಾ?
ಎಲ್ಲರೂ ಎಸೆದರು.
ಗುಂಪಿನಲ್ಲಿ ಗೋವಿಂದ ಅನ್ನುವುದಕ್ಕೆ
ಪೋಲಿಷಿನಲ್ಲೂ ಒಂದು ಮಾತಿದ್ದೀತು;
ಇಲ್ಲದಿದ್ದರೂ ಆ ಕೆಲಸ ಮಾತಿಗೆ ಕಾಯುವುದಿಲ್ಲ.

ಪಟಾಕಿ ಸಿಡಿದದ್ದು ಯಾವ ಬಣ್ಣವೂ ಇಲ್ಲದವನ ಪಕ್ಕ:
ಝೆನೊನ್, ಸೂರ್ಯಕಾಂತಿ ಬೀಜ ಮಾರುವವನು,
ಎರಡೂ ಕಡೆಯವರಿಗೆ, ಮೂವತ್ತು ವರ್ಷದಿಂದ, ಒಂದೇ ಬೆಲೆ.
ಎಡಗಿವಿ ಹೋಯಿತು.
ಹಳಿಯ ತುಂಬ ಚೆಲ್ಲಿದ ಬೀಜಕ್ಕೆ ಮುಗಿಬಿದ್ದ ಪಾರಿವಾಳಗಳು
ಆಂಬುಲೆನ್ಸಿಗೂ ಜಗ್ಗಲಿಲ್ಲ.

ಕಡತದಲ್ಲಿಲ್ಲದ್ದು ಬೋಗ್ನಾಳ ಮನೆಯಲ್ಲಿತ್ತು:
ಅಪ್ಪನ ಹುಬ್ಬಿನ ಮೇಲೆ ಏಳು ಹೊಲಿಗೆಯ ಗುರುತು.
ನೆಂಟರು ಬಂದಾಗಲೆಲ್ಲ ಮುಟ್ಟಿಸಿ ತೋರಿಸುತ್ತಿದ್ದ,
ಮಗಳಿಗೆ ಪಾಠದ ಹಾಗೆ ಬಾಯಿಪಾಠ.
ಅವತ್ತಿನ ಪಂದ್ಯ ಗೆದ್ದವರು ಯಾರೆಂದರೆ ಮಾತ್ರ
ನೆನಪಿರುತ್ತಿರಲಿಲ್ಲ ಅವನಿಗೆ.

ಹನ್ನೊಂದನೆಯ ಶನಿವಾರ
ಪರಿಹಾರದ ಅರ್ಜಿಗೆ ಮೊಹರು ಹಾಕಿಸಲು ಬಂದ ಝೆನೊನ್
ಬೇರೆ ಬೆಂಚಿಲ್ಲದೆ ಅದರಲ್ಲೇ ಕೂತ.
ಅವನಿಗೆ ಮುಖ ಗೊತ್ತಿಲ್ಲ, ಅವತ್ತು ಕಂಡದ್ದು ಮಫ್ಲರು.
ಇವನಿಗೆ ಗೊತ್ತು.
ಬಹಳ ಹೊತ್ತು ತನ್ನ ಬೂಟಿನ ಲೇಸು ನೋಡಿದ.
ಕೊನೆಗೆ ಏನೋ ಹೇಳಿದ, ತಗ್ಗಿದ ದನಿಯಲ್ಲಿ,
ಹತ್ತಿರವಿದ್ದ ಕಿವಿಗೆ.
ಹತ್ತಿರವಿದ್ದದ್ದು ಎಡಗಿವಿ.

'ಆ ಕಡೆ ಕೂತು ಹೇಳು' ಎಂದಳು ಬೋಗ್ನಾ,
ಬರೆಯುವುದು ನಿಲ್ಲಿಸದೆ.

ಅವನು ಏಳಬೇಕೆನ್ನುವಷ್ಟರಲ್ಲಿ
ಮೈದಾನ ಭೋರೆಂದಿತು. ಲೋಟದಲ್ಲಿ ಚಮಚ.
ಒಂದೇ ಕಿವಿಗೆ ಎಲ್ಲ ಗದ್ದಲವೂ ಒಂದೇ ಥರ;
ಮುದುಕ ಈ ಕಡೆ ತಿರುಗಿ, ಕಿವುಡರು ಕೇಳುವಷ್ಟು ಜೋರಾಗಿ,
'ಗೋಲೇನಪ್ಪಾ? ಯಾರದು?'

'ನಮ್ಮ'
ಎಂದು ಶುರುಮಾಡಿ ನಿಲ್ಲಿಸಿದ.
'ಗೋಲು' ಎಂದ.

ಝೆನೊನ್ ಕೋಟಿನ ಜೇಬಿನಿಂದ ಪೊಟ್ಟಣ ತೆಗೆದು ಚಾಚಿದ.
ಇವನ ಕಣ್ಣು ತುಂಬುವುದಕ್ಕೂ ಸಮಯ ಕೊಡದೆ ಹೇಳಿದ:
'ಮೂರು ಝ್ಲೋಟಿ.'

ಚಿಲ್ಲರೆ ಎಣಿಸಿ ಕೊಟ್ಟ.
'ಸಿಪ್ಪೆ ನೆಲಕ್ಕೆ ಬಿದ್ದರೆ ಗುಡಿಸುವವನು ನೀನೇ' ಎಂದಳು ಬೋಗ್ನಾ.
ಮುದುಕ ಮೊಹರು ಹಾಕಿಸಿಕೊಂಡು ಹೊರಟುಹೋದ.
ಹೇಳಬೇಕಾದದ್ದು ಬೆಂಚಿನ ಮೇಲೇ ಉಳಿಯಿತು.

ಕೊನೆಯ ಸೀಟಿ. ಎರಡನೆಯ ಸಹಿ.
ಎಡ ಮುಷ್ಟಿಯ ತುಂಬ ಸಿಪ್ಪೆ ಹಿಡಿದೇ ಮಾಡಿದ.
ಉಪ್ಪು ತಾಗಿದ ಬೆರಳಿಗೆ
ಹೆಸರು ಸ್ವಲ್ಪ ಕದಡಿತು.